ಕೆಂಪು ಚಿಂದಿಯ ಗಂಟು

ತೀರ್ಪು ಆಮೇಲೆ ಕೊಡುವಿರಂತೆ, ಮೊದಲು ಇದನ್ನು ಪೂರ್ತಿ ಕೇಳಿ. ನಮ್ಮೂರಿನವರು ಅರ್ಧ ಕೇಳಿ ಎದ್ದು ಹೋದರು. ರೆಸಾರ್ಟಿನವರು ಅದರಲ್ಲೂ ಅರ್ಧ ಕೇಳಿ ಪತ್ರಿಕೆಯವರಿಗೆ ಹೇಳಿಬಿಟ್ಟರು. ನೀವಾದರೂ ಕೊನೆಯವರೆಗೆ ಕೂತಿರಿ. ಕೊನೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳುವುದಿದೆ.

"ಉಸಿರೆಳಿ," ಅಂದಳು ಇನ್‌ಸ್ಪೆಕ್ಟರ್ ಆವ್ರಿಲ್ ಕ್ವಾಶಿ.

ಠಾಣೆಯ ಮೇಜಿನ ಮೇಲೆ ಸಿಲಿಂಡರ್ ಮಲಗಿತ್ತು. ಪಕ್ಕದಲ್ಲಿ ಅವಳು ಅರ್ಧ ತಿಂದಿಟ್ಟ ಬೇಕ್ ರೊಟ್ಟಿ, ಉಪ್ಪುಮೀನು. ನಾನು ಮೌತ್‌ಪೀಸನ್ನು ಬಾಯಿಗಿಟ್ಟು ಎಳೆದೆ. ಗಾಳಿ ಸಲೀಸಾಗಿ ಬಂತು.

"ಈಗ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಎಳಿ."

ಜೋರಾಗಿ ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಗೇಜಿನ ಮುಳ್ಳು ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ತಡವರಿಸಿಕೊಂಡು ಮೇಲೆದ್ದಿತು. ಎದೆಗೆ ಯಾರೋ ದಿಂಬು ಒತ್ತಿದ ಹಾಗಾಯಿತು. ಮೌತ್‌ಪೀಸ್ ಉಗುಳಿದೆ.

ಸಿಲಿಂಡರ್ ತುಂಬ ಗಾಳಿಯಿತ್ತು. ವಾಲ್ವ್ ಮಾತ್ರ ಕಾಲು ಸುತ್ತು ತೆರೆದಿತ್ತು, ಅಷ್ಟೇ. ದೋಣಿಯ ಮೇಲೆ ಕೂತವನಿಗೆ ಆ ಕಾಲು ಸುತ್ತು ಸಾಕು. ಮೂವತ್ತು ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. ಅಲ್ಲಿ ಅದು ನೇಣಿನ ಹಗ್ಗ.

ಮೊನ್ನೆ ಬೆಳಿಗ್ಗೆ, ಹೆಂಡತಿಯೊಂದಿಗೆ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿನಿಂದ ನಮ್ಮ ಟೊಬೇಗೊ ದ್ವೀಪಕ್ಕೆ ರಜೆಗೆ ಬಂದಿದ್ದ ರೈನರ್ ಡಿ ಫ್ರೈಟಾಸ್ ಇದೇ ಸಿಲಿಂಡರ್ ಬೆನ್ನಿಗೇರಿಸಿಕೊಂಡು ನನ್ನ ಹಿಂದೆ ನೀರಿಗಿಳಿದು ಹೆಣವಾಗಿ ಮೇಲೆ ಬಂದಿದ್ದ. ಸಿಲಿಂಡರ್ ಸಿದ್ಧ ಮಾಡಿಕೊಟ್ಟ ನನ್ನ ಅಂಕಲ್ ಒಲ್ಟನ್ ಅಂದಿನಿಂದ ಠಾಣೆಯ ಹಿಂದಿನ ಕೋಣೆಯಲ್ಲಿ ಕಂಬಿ ಹಿಡಿದು ಕೂತಿದ್ದ.

"ನಿಮ್ಮ ಅಂಕಲ್ ಅಭ್ಯಾಸ ಊರಿಗೆಲ್ಲ ಗೊತ್ತು," ಅಂದಳು ಕ್ವಾಶಿ. "ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ. ಹೌದಾ ಅಲ್ವಾ?"

ಹೌದು. ಅದು ಹಳಬರ ಪದ್ಧತಿ. ಉಪ್ಪುಗಾಳಿಗೆ ವಾಲ್ವ್ ಕಚ್ಚಿಕೊಳ್ಳಬಾರದು ಅಂತ ಹಾಗೆ ಮಾಡುತ್ತಾರೆ. ಈಗ ನಮಗೆ ಹೇಳಿಕೊಡುವುದು ಬೇರೆ: ಪೂರ್ತಿ ತೆರೆ, ಹಾಗೇ ಬಿಡು. ಡೈವ್ ಗೈಡ್ ಪರೀಕ್ಷೆ ಪಾಸು ಮಾಡಿಕೊಂಡು ಬಂದ ದಿನವೇ ನಾನು ಅವನಿಗೆ ಪಾಠ ಹೇಳಲು ಹೋಗಿದ್ದೆ. ನಿನ್ನ ಪುಸ್ತಕ ಹುಟ್ಟೋ ಮುಂಚೆ ನಾನು ನೀರಲ್ಲಿದ್ದೆ ಅಂತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಿದ್ದ.

ಕ್ವಾಶಿಯ ಲೆಕ್ಕಾಚಾರ ಸರಳವಾಗಿತ್ತು. ವಯಸ್ಸಾದ ಕೈ, ಮಂದವಾದ ಕಣ್ಣು. ತೆರೆಯುತ್ತೇನೆ ಅಂದುಕೊಂಡು ಪೂರ್ತಿ ಮುಚ್ಚಿದ, ಆಮೇಲೆ ಅಭ್ಯಾಸಬಲದಿಂದ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ. ಮುಚ್ಚಿದ ವಾಲ್ವಿನ ಹಿಂದಕ್ಕೆ ಅಂದರೆ ಕಾಲು ಸುತ್ತು ತೆರೆದ ಹಾಗೆ. ಕೊಲೆಯಲ್ಲ, ಆದರೆ ಒಬ್ಬ ಸತ್ತಿದ್ದಾನೆ. ನಾಳೆ ಬೆಳಿಗ್ಗೆ ಸ್ಕಾರ್ಬರೋದ ಕೋರ್ಟಿಗೆ ಕರೆದುಕೊಂಡು ಹೋಗುತ್ತೇನೆ ಅಂದಳು.

"ಅವನೇನಂತಾನೆ?" ಕೇಳಿದೆ.

"ಅದೇ ತಲೆನೋವು. ನನ್ನ ಕೈಯಿಂದ ಹೋದಾಗ ಸರಿ ಇತ್ತು ಅಂತ ಒಂದು ಸಲ ಅಂದ. ಆಮೇಲೆ ಸಮುದ್ರದ ಮೀನಿಗಾದ್ರೂ ಬಾಯಿ ಬರುತ್ತೆ, ಅವನಿಗೆ ಬರಲ್ಲ."

ಅಂಕಲ್ ಒಲ್ಟನ್ ನನ್ನ ಅಮ್ಮನ ಅಣ್ಣ. ಅಮ್ಮ ವರ್ನಾ ಬಂಡೆಯಿಂದ ಜಾರಿ ಸಮುದ್ರಕ್ಕೆ ಬಿದ್ದು ಸತ್ತಾಗ ನಾನಿನ್ನೂ ತೊಟ್ಟಿಲ ಕೂಸು. ಅಪ್ಪ ಟ್ರಿನಿಡಾಡಿಗೆ ಎಣ್ಣೆ ಬಾವಿ ಕೆಲಸಕ್ಕೆ ಹೋದವನು ಅಲ್ಲೇ ಉಳಿದ. ನನ್ನನ್ನು ಬೆಳೆಸಿದ್ದು, ಈಜು ಕಲಿಸಿದ್ದು, ಡೆಲೀಸಾ ಅಂತ ಪೂರ್ತಿ ಹೆಸರು ಹಿಡಿದು ಕರೆದರೆ ಬೈಗುಳ, ಡೂಡೂ ಅಂದರೆ ಮುದ್ದು ಅಂತ ಅರ್ಥ ಮಾಡಿಸಿದ್ದು ಎಲ್ಲ ಅವನೇ. ಅವನು ಜೈಲಿಗೆ ಹೋದರೆ ನನ್ನ ಮನೆಯೇ ಜೈಲಿಗೆ ಹೋದ ಹಾಗೆ.

ಕ್ವಾಶಿ ಬೇಕಿನ ಇನ್ನೊಂದು ತುಂಡು ಮುರಿದುಕೊಂಡಳು. "ನೀರಿನಡಿ ನೋಡಿದ್ದನ್ನ ಇನ್ನೊಂದು ಸಲ ಹೇಳು."

ಹೇಳಿದೆ. ದೋಣಿಯಲ್ಲಿ ಇದ್ದಿದ್ದು ನಾಲ್ಕೇ ಜನ: ಚುಕ್ಕಾಣಿಯಲ್ಲಿ ಅಂಕಲ್, ಗೈಡ್ ಆಗಿ ನಾನು, ರೈನರ್, ಅವನ ಹೆಂಡತಿ ಲೀಸೆಲ್. ನಾವು ಗ್ರ್ಯಾನಿ ಅನ್ನುವ ಬಂಡೆಯ ಹತ್ತಿರ ಇಳಿದೆವು. ಸೆಳವು ಜೋರಿತ್ತು. ನಾನು ಮುಂದಿದ್ದೆ. ಹಿಂದಿನಿಂದ ಟಣಟಣ ಸದ್ದು ಬಂತು, ಯಾರೋ ಸಿಲಿಂಡರಿಗೆ ಲೋಹ ಬಡಿದು ಕರೆಯುತ್ತಿದ್ದರು. ತಿರುಗಿದೆ. ಬಡಿಯುತ್ತಿದ್ದದ್ದು ಲೀಸೆಲ್. ರೈನರ್ ಕಣ್ಣುಗುಡ್ಡೆ ಹೊರಬಂದಿತ್ತು, ಎದೆ ಹಿಡಿದುಕೊಂಡಿದ್ದ. ಲೀಸೆಲ್ ತನ್ನ ಎದೆಯ ಮೇಲಿನ ಹಳದಿ ಮೌತ್‌ಪೀಸನ್ನು, ಇನ್ನೊಬ್ಬರಿಗೆ ಕೊಡಲೆಂದೇ ಇಟ್ಟುಕೊಳ್ಳುವ ಎರಡನೆಯದನ್ನು, ಕೈ ಚಾಚಿ ಅವನ ಮುಖದ ಮುಂದೆ ಹಿಡಿದಿದ್ದಳು. ಅವನು ಅದನ್ನು ತಳ್ಳಿ ಮೇಲಕ್ಕೆ ನುಗ್ಗಿದ. ನಾನು ಅವನ ಕಾಲಿನ ಫಿನ್ ಹಿಡಿಯಲು ಹೋದೆ, ಸಿಗಲಿಲ್ಲ. ಉಸಿರು ಬಿಗಿಹಿಡಿದು ಹಾಗೆ ಮೇಲೇರಿದರೆ ಶ್ವಾಸಕೋಶ ಹರಿಯುತ್ತದೆ. ಹರಿದಿತ್ತು.

"ಗಾಬರಿ," ಅಂದಳು ಕ್ವಾಶಿ.

"ಗಾಬರಿ," ಅಂದೆ ನಾನೂ.

ಅಂದ ತಕ್ಷಣ ಅದು ಸುಳ್ಳು ಅಂತ ಹೊಳೆಯಿತು.

ಗಾಬರಿಯಾದವರನ್ನು ನಾನು ನೀರಿನಡಿ ಬೇಕಾದಷ್ಟು ನೋಡಿದ್ದೇನೆ. ಗಾಳಿ ಇಲ್ಲದವನು ಕೊಟ್ಟ ಮೌತ್‌ಪೀಸನ್ನು ತಳ್ಳುವುದಿಲ್ಲ. ಕೊಡದಿದ್ದರೂ ನಮ್ಮ ಬಾಯಲ್ಲಿರುವುದನ್ನೇ ಕಿತ್ತುಕೊಳ್ಳುತ್ತಾನೆ. ರೈನರ್ ಕಿತ್ತುಕೊಳ್ಳಲಿಲ್ಲ. ತಳ್ಳುವ ಮುಂಚೆ ಅವನು ಆ ಹಳದಿ ಮೌತ್‌ಪೀಸನ್ನು ನೋಡಿದ. ಆಮೇಲೆ ಲೀಸೆಲ್ ಭುಜದ ಹಿಂದೆ, ಅವಳ ಸಿಲಿಂಡರಿನ ಕತ್ತಿನ ಕಡೆ ನೋಡಿದ. ಬೇಡ ಅಂತ ಬೆರಳಾಡಿಸಿದ.

ಸಾಯುತ್ತಿರುವವನು ಗಾಳಿಯನ್ನು ಬೇಡ ಅನ್ನುವುದು ಯಾವಾಗ? ಆ ಗಾಳಿ ಬರುವುದಿಲ್ಲ ಅಂತ ಅವನಿಗೆ ಗೊತ್ತಿದ್ದಾಗ.

"ಏನೋ ನುಂಗಿದೆ ನೀನು," ಅಂದಳು ಕ್ವಾಶಿ.

"ಉಪ್ಪುಮೀನಿನ ವಾಸನೆಗೆ ಬಾಯಲ್ಲಿ ನೀರೂರಿತು, ಮಿಸ್ ಕ್ವಾಶಿ."

ಅವಳು ನಗಲಿಲ್ಲ. ಸಂಜೆ ಬಂದು ನಿಮ್ಮ ಡೈವಿಂಗ್ ಶೆಡ್ಡಿನಲ್ಲಿರುವ ಜಾಕೆಟ್‌ಗಳನ್ನೂ ತೆಗೆದುಕೊಂಡು ಹೋಗುತ್ತೇನೆ, ಬೀಗದ ಕೈ ಇಟ್ಟುಕೊಂಡಿರು ಅಂದಳು. ಸಿಲಿಂಡರ್ ಒಂದೇ ಸಾಕು ಅಂತ ಮೊನ್ನೆ ಅದನ್ನಷ್ಟೇ ಬಿಚ್ಚಿ ತಂದಿದ್ದಳು. ಈಗ ಅವಳಿಗೂ ಏನೋ ಕೊರೆಯತೊಡಗಿತ್ತು.

ದಾರಿಯಲ್ಲಿ ಮಿಸ್ ಐನಾಳ ಅಂಗಡಿ ಮುಂದೆ ಊರೇ ಕೂತಿತ್ತು. ನನ್ನನ್ನು ಕಂಡು ಮಾತು ನಿಲ್ಲಿಸಿದರು, ದಾಟಿದ ಮೇಲೆ ಶುರು ಮಾಡಿದರು. ಮುದುಕನಿಗೆ ಎರಡು ವರ್ಷದ ಹಿಂದೆಯೇ ದೋಣಿ ಬಿಡಿಸಬೇಕಿತ್ತಂತೆ. ಪೆಲಿಕನ್ ವಾಚ್ ರೆಸಾರ್ಟಿನ ಮ್ಯಾನೇಜರ್ ಪ್ಯಾಂಟಿನ್ ಇನ್ನು ಮುಂದೆ ಊರಿನ ಹಳಬರಿಗೆ ಸಿಲಿಂಡರ್ ಮುಟ್ಟಲು ಬಿಡುವುದಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾನಂತೆ. ಕಳೆದ ಸುಗ್ಗಿ ಹಬ್ಬದಲ್ಲಿ ಇದೇ ಜನ ಅಂಕಲ್ ಒಲ್ಟನ್ ಮಾಡಿದ ಏಡಿ ಸಾರಿನ ಪಾತ್ರೆ ನೆಕ್ಕಿ ಹೋಗಿದ್ದರು. ಬಾಯಿ ತೊಳೆದುಕೊಳ್ಳಲು ಒಂದು ವರ್ಷವೂ ಬೇಕಾಗಲಿಲ್ಲ.

ಶೆಡ್ಡಿನಲ್ಲಿ ಎರಡು ಕಪ್ಪು ಜಾಕೆಟ್ ಪಕ್ಕಪಕ್ಕ ನೇತಾಡುತ್ತಿದ್ದವು.

ಡೈವಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ಈ ಜಾಕೆಟ್ಟಿಗೆ ಸಿಲಿಂಡರ್ ಕಟ್ಟಿ, ಮೌತ್‌ಪೀಸ್ ಜೋಡಿಸಿ, ಪೂರ್ತಿ ಒಂದು ಸೆಟ್ ಮಾಡಿ ದೋಣಿಯ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಡೈವರ್ ಬಂದು ಕೂತು ಬೆನ್ನಿಗೇರಿಸಿಕೊಂಡರೆ ಆಯಿತು. ಬಾಡಿಗೆ ಸೆಟ್‌ಗಳೆಲ್ಲ ಒಂದೇ ಥರ. ರೈನರ್, ಲೀಸೆಲ್ ಇಬ್ಬರೂ ಒಂದೇ ಎತ್ತರ, ಒಂದೇ ಅಳತೆ. ಯಾರದು ಯಾವುದು ಅಂತ ಗುರುತಿಗೆ ಅಂಕಲ್ ಜಾಕೆಟ್ಟಿನ ಭುಜಕ್ಕೆ ಬಟ್ಟೆ ಚಿಂದಿ ಕಟ್ಟುತ್ತಿದ್ದ. ರೈನರ್‌ಗೆ ಕೆಂಪು, ಲೀಸೆಲ್‌ಗೆ ನೀಲಿ. ಕೆಂಪು ಅಂದರೆ ಅಮ್ಮನ ಹಳೆಯ ಚೌಕಳಿ ಲಂಗದ್ದು. ಹಬ್ಬದಲ್ಲಿ ಕುಣಿಯಲು ಅವಳು ಉಡುತ್ತಿದ್ದ ಲಂಗವಂತೆ.

ಅಂಕಲ್ ಗಂಟು ಹಾಕುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಚಿಂದಿಯನ್ನು ಎಂಜಲಲ್ಲಿ ಒದ್ದೆ ಮಾಡಿ, ಮೀನುಗಾರರ ಗಂಟು ಹಾಕಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಉಳಿದ ಬಾಲವನ್ನು ಒಳಕ್ಕೆ ತುರುಕುತ್ತಾನೆ. ಬಿಚ್ಚಬೇಕಾದರೆ ಚಾಕು ಮೊನೆಯೇ ಬೇಕು.

ಕೆಂಪು ಚಿಂದಿಗೆ ಮಕ್ಕಳು ಶೂ ಲೇಸಿಗೆ ಹಾಕುವ ಹೂಗಂಟು ಹಾಕಿತ್ತು. ನೀಲಿಗೂ ಅದೇ.

ಎರಡೂ ಬಿಚ್ಚಿ ಕಟ್ಟಿದ್ದು. ಎರಡೂ ಅಂಕಲ್ ಕಟ್ಟಿದ್ದಲ್ಲ. ಕೆಂಪಿನ ಅಂಚಿನಲ್ಲಿ ಹಳೆಯ ಗಂಟನ್ನು ಚಾಕುವಿನಿಂದ ಸಡಿಲಿಸಿದ ಗೀರು ಕೂಡ ಇತ್ತು.

ಅಂದರೆ ರೈನರ್ ಬೆನ್ನಿಗೇರಿಸಿದ್ದು ರೈನರ್ ಸೆಟ್ ಅಲ್ಲ. ಅವನನ್ನು ಕೊಂದ ಸಿಲಿಂಡರ್ ಲೀಸೆಲ್‌ಗೆ ಅಂತ ನಿಲ್ಲಿಸಿದ್ದು.

ಶೆಡ್ಡಿಗೆ ಬೀಗ ಹಾಕಿ ಲೀಸೆಲ್ ಇಳಿದುಕೊಂಡಿದ್ದ ಕಾಟೇಜಿನ ಕಡೆ ನಡೆದೆ.

*

ಲೀಸೆಲ್ ಡಿ ಫ್ರೈಟಾಸ್ ತನ್ನ ಕಾಟೇಜಿನ ಜಗಲಿಯಲ್ಲಿ ಬಕೆಟ್ ಸಿಹಿನೀರಿನಲ್ಲಿ ಮಾಸ್ಕ್ ಅದ್ದಿ ತೊಳೆಯುತ್ತಿದ್ದಳು. ತನ್ನದನ್ನು ಆಗಲೇ ತೊಳೆದು ಒಣಗಲು ಇಟ್ಟಿದ್ದಳು. ಕೈಯಲ್ಲಿದ್ದದ್ದು ಗಂಡನದು. ನಾಳೆ ಬೆಳಿಗ್ಗೆಯ ಹಡಗಿಗೆ ಹೊರಡುವವಳು. ಬಾಗಿಲಲ್ಲಿ ಎರಡು ಸೂಟ್‌ಕೇಸ್ ನಿಂತಿದ್ದವು, ಎರಡೂ ಕಟ್ಟಿ ಮುಗಿದಿತ್ತು.

ನಿನ್ನ ಅಂಕಲ್ ವಿಷಯ ಕೇಳಿ ನನಗೂ ಸಂಕಟವಾಯಿತು ಅಂದಳು. ಒಳ್ಳೆಯ ಮನುಷ್ಯ, ಬೇಕಂತ ಮಾಡಿದ್ದಲ್ಲ ಅಂತ ಪೊಲೀಸರಿಗೂ ಹೇಳಿದ್ದೇನೆ ಅಂದಳು.

"ಎಷ್ಟು ದೊಡ್ಡ ಮನಸ್ಸು ನಿಮ್ಮದು, ಮೇಡಂ," ಅಂದೆ. "ಗಂಡನ್ನ ಕೊಂದವನು ಅಂತ ಊರೆಲ್ಲ ಅಂತಿರೋರ ಬಗ್ಗೆ."

ಅವಳ ಕೈ ನೀರಿನಲ್ಲಿ ನಿಂತಿತು.

"ನನ್ನ ಅಂಕಲ್ ಹೂಗಂಟು ಹಾಕಲ್ಲ," ಅಂದೆ. "ಅವನಿಗೆ ಬರೋದೂ ಇಲ್ಲ. ಅವನ ಶೂಗೆ ಲೇಸ್ ಇಲ್ಲ."

ಅವಳು ಮಾಸ್ಕನ್ನು ಎತ್ತಿ ನೀರು ಸೋರಲು ಬಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಕೂತ್ಕೋ ಅಂದಳು. ನಾನು ನಿಂತೇ ಇದ್ದೆ.

"ಪೊಲೀಸರಿಗೆ ಹೇಳಿದ್ದೀಯಾ?"

"ಇನ್ನೂ ಇಲ್ಲ."

"ಯಾಕೆ?"

"ನಿಮ್ಮ ಬಾಯಲ್ಲಿ ಕೇಳೋಣ ಅಂತ. ಟ್ರಿನಿಡಾಡಿನವರು ಇಲ್ಲಿಗೆ ಬರೋದೇ ನಮಗೆ ಬುದ್ಧಿ ಹೇಳೋಕಲ್ವಾ?"

ಅವಳ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. ಆಮೇಲೆ ಹೇಳಿದಳು. ಸಮುದ್ರ ನೋಡಿಕೊಂಡು, ನಿನ್ನೆ ಏನು ಅಡಿಗೆ ಅಂತ ಹೇಳುವವಳ ದನಿಯಲ್ಲಿ.

ಹೋದ ತಿಂಗಳು ಅವಳು ಗಂಡನ ಹತ್ತಿರ ವಿಚ್ಛೇದನ ಕೇಳಿದ್ದಳಂತೆ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಡಿ ಫ್ರೈಟಾಸ್ ಮನೆಯ ಹೆಂಡತಿಯರು ಬಿಟ್ಟು ಹೋಗುವುದಿಲ್ಲ, ಸಾಯುತ್ತಾರೆ ಅಂದನಂತೆ, ನಗುನಗುತ್ತಾ. ಮಾರನೆಯ ದಿನ ತಾನೇ ಟಿಕೆಟ್ ತಂದ. ಕೊನೆಯ ಸಲ ಒಂದು ವಾರ ಟೊಬೇಗೊಗೆ ಹೋಗಿ ಡೈವ್ ಮಾಡಿ ಬರೋಣ, ಆಮೇಲೆ ನಿನ್ನಿಷ್ಟ ಅಂದ.

"ಬಂದ ದಿನದಿಂದ ಅವನು ನಿನ್ನ ಅಂಕಲ್ ಬೆನ್ನಿಗೇ ಬಿದ್ದಿದ್ದ. ವಾಲ್ವ್ ಯಾಕೆ ಹಾಗೆ ತಿರುಗಿಸ್ತೀಯ, ಎಷ್ಟು ತಿರುಗಿಸ್ತೀಯ ಅಂತ. ಮುದುಕ ಖುಷಿಯಿಂದ ಹೇಳಿಕೊಟ್ಟ. ಕೇಳೋರು ಸಿಕ್ಕಿದ್ದೇ ಹೆಚ್ಚು ಅವನಿಗೆ."

ಅದು ನಿಜ. ನಾನೂ ನೋಡಿದ್ದೆ. ಈ ಟ್ರಿನಿಯವನಿಗೆ ಕಲಿಯುವ ಮನಸ್ಸಿದೆ, ನಿನ್ನ ಹಾಗಲ್ಲ ಅಂತ ಅಂಕಲ್ ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಹಂಗಿಸಿದ್ದ.

"ಮೊನ್ನೆ ದೋಣಿ ಹೊರಟ ಮೇಲೆ ನೀನು ಮುಂದೆ ಹಗ್ಗ ಸುತ್ತುತ್ತಿದ್ದೆ. ಅವನು ಬಗ್ಗಿ ನನ್ನ ಸೆಟ್ ಹತ್ರ ಏನೋ ಮಾಡ್ತಿದ್ದ. ಮದುವೆ ಆದಾಗಿನಿಂದ ಅವನು ನನ್ನ ಚಪ್ಪಲೀನೂ ಪಕ್ಕಕ್ಕೆ ಸರಿಸಿದವನಲ್ಲ. ಅವತ್ತು ನನ್ನ ಸಿಲಿಂಡರ್ ಚೆಕ್ ಮಾಡ್ತಿದ್ದ."

"ಕೂಗಬಹುದಿತ್ತಲ್ಲ?"

"ಏನಂತ? ನನ್ನ ಗಂಡ ನನ್ನ ಸಿಲಿಂಡರ್ ಮುಟ್ಟಿದ ಅಂತಲಾ? ನೀನೇ ನಗ್ತಿದ್ದೆ."

"ವಾಲ್ವ್ ಪೂರ್ತಿ ತೆರೆದುಬಿಟ್ಟಿದ್ರೆ ಮುಗೀತಿತ್ತು."

"ಮುಗೀತಿತ್ತಾ?" ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. "ಆ ದಿನ ಮುಗೀತಿತ್ತು. ಆಮೇಲೆ ನಾನು ಪ್ರತಿ ಲೋಟ ನೀರನ್ನೂ ಮೂಸಿ ಕುಡೀಬೇಕಿತ್ತು, ಪ್ರತಿ ಮೆಟ್ಟಿಲನ್ನೂ ನೋಡಿ ಇಳೀಬೇಕಿತ್ತು. ಮಾಡಿದನೋ ಇಲ್ವೋ ಅಂತ ಸಾಯೋವರೆಗೂ ಗೊತ್ತಾಗ್ತಿರ್ಲಿಲ್ಲ. ನನಗೆ ಗೊತ್ತಾಗಬೇಕಿತ್ತು."

ಅವನು ಮುಂದೆ ಹೋಗಿ ಡೈವಿಂಗ್ ಸೂಟ್ ಎಳೆದುಕೊಳ್ಳುತ್ತಿದ್ದಾಗ ಅವಳು ಚಾಕುವಿನಿಂದ ಎರಡೂ ಗಂಟು ಸಡಿಲಿಸಿದಳು. ಕೆಂಪನ್ನು ತನ್ನ ಸೆಟ್ಟಿಗೆ, ನೀಲಿಯನ್ನು ಅವನ ಸೆಟ್ಟಿಗೆ ಕಟ್ಟಿದಳು. ವಾಲ್ವನ್ನು ಮುಟ್ಟಲೇ ಇಲ್ಲ. ತಿರುಗಿ ಬಂದ ಅವನು ಕೆಂಪು ಚಿಂದಿ ನೋಡಿಯೇ ಬೆನ್ನಿಗೇರಿಸಿಕೊಂಡ.

"ಅವನು ಏನೂ ಮಾಡಿಲ್ಲ ಅಂದ್ರೆ ಚಿಂದಿ ಬದಲಾದ್ರೆ ಏನಾಗುತ್ತೆ? ಏನೂ ಆಗಲ್ಲ. ಇಬ್ಬರೂ ಮೇಲೆ ಬರ್ತೀವಿ. ಒಳ್ಳೆ ಮನುಷ್ಯನ ಮೇಲೆ ಅನುಮಾನಪಟ್ಟೆ ಅಂತ ನನ್ನನ್ನ ನಾನೇ ಬೈಕೊಂಡು ಊಟ ಮಾಡ್ತೀನಿ. ಹೇಳು, ನಾನು ಅವನಿಗೆ ಏನು ಮಾಡಿದೆ? ಅವನದನ್ನೇ ಅವನಿಗೆ ಕೊಟ್ಟೆ."

ಬಾದಾಮಿ ಮರದಿಂದ ಒಂದು ಕಾಯಿ ತಗಡಿನ ಮಾಡಿನ ಮೇಲೆ ಬಿದ್ದು ಉರುಳಿತು. ಇಬ್ಬರೂ ಬೆಚ್ಚಿದೆವು.

"ಕೆಳಗೆ ಅವನಿಗೆ ಉಸಿರು ಸಿಕ್ಕಾಕ್ಕೊಂಡಾಗ ನಾನೇ ನಿನ್ನನ್ನ ಕರೆದಿದ್ದು," ಅಂದಳು. ದನಿ ಆಗ ಸ್ವಲ್ಪ ಒಡೆಯಿತು. "ನಾನೇ ಮೌತ್‌ಪೀಸ್ ಕೊಟ್ಟಿದ್ದು. ಗೊತ್ತಾಯ್ತು, ಸಾಕು ಅನ್ನಿಸಿತು, ಸಾಯೋದು ಬೇಡ ಅನ್ನಿಸಿತು. ನೀನು ನೋಡಿದ್ದೀಯ. ಅವನು ತಗೊಳ್ಳಲಿಲ್ಲ."

"ನಿಮ್ಮ ಸಿಲಿಂಡರ್ ಮುಚ್ಚಿದೆ ಅಂತ ಅವನು ಅಂದ್ಕೊಂಡಿದ್ದ. ಅದಕ್ಕೆ ತಗೊಳ್ಳಲಿಲ್ಲ."

"ಹೌದು," ಅಂದಳು. "ಅವನು ಮಾಡಿದ್ದೇ ಅವನ ಕೈ ಹಿಡಿದು ನಿಲ್ಲಿಸಿತು. ನನ್ನ ಗಾಳಿ ಚೆನ್ನಾಗಿತ್ತು. ಇಬ್ಬರಿಗೂ ಸಾಕಾಗ್ತಿತ್ತು."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದು ನಿಲ್ಲಲು ಜಾಗ ಸಿಗದೆ ಒದ್ದಾಡಿತು. ಇದನ್ನೆಲ್ಲ ಪೊಲೀಸರಿಗೆ ಹೇಳಿ ಅಂದೆ. ಅವನೇ ಮೊದಲು ಮಾಡಿದ್ದು ಅಂತ ಹೇಳಿ. ನನ್ನ ಅಂಕಲ್ ನಾಳೆ ಕೋರ್ಟಿಗೆ ಹೋಗುತ್ತಾನೆ ಅಂದೆ.

ಅವಳು ತಲೆಯಾಡಿಸಿದಳು. ಅವನು ಮಾಡಿದ್ದಕ್ಕೆ ಸಾಕ್ಷಿ ಏನಿದೆ, ಸತ್ತವನು ಬಂದು ಹೇಳುತ್ತಾನಾ ಅಂದಳು. ಚಿಂದಿ ಬದಲಾಯಿಸಿದ್ದಕ್ಕೆ ಮಾತ್ರ ಸಾಕ್ಷಿ ಇದೆ. ಅವಳ ಕೈಯ ಹೂಗಂಟು. ಡಿ ಫ್ರೈಟಾಸ್ ಮನೆಯವರ ವಕೀಲರು ಅದೊಂದನ್ನು ಹಿಡಿದುಕೊಂಡು ಅವಳೇ ವಾಲ್ವ್ ತಿರುಗಿಸಿದಳು, ಅವಳೇ ಕೊಂದಳು ಅನ್ನುತ್ತಾರೆ.

"ನಾನು ಕೊಂದೆನಾ ಇಲ್ವಾ ಅಂತ ನನಗೇ ಗೊತ್ತಿಲ್ಲ. ಅವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ ನೋಡು."

"ಹಾಗಂತ ಏನೂ ಮಾಡದ ಮುದುಕ ಜೈಲಲ್ಲಿ ಕೊಳೀಬೇಕಾ?"

ಲೀಸೆಲ್ ಗಂಡನ ಮಾಸ್ಕನ್ನು ತನ್ನ ಮಾಸ್ಕಿನ ಪಕ್ಕ ಒಣಗಲು ಇಟ್ಟಳು. ಎರಡನ್ನೂ ಸರಿಯಾಗಿ ಜೋಡಿಸಿದಳು.

"ಏನೂ ಮಾಡದ ಮುದುಕ," ಅಂದಳು ನಿಧಾನವಾಗಿ. "ನಾನು ಗಂಟು ಹಾಕ್ತಿರಬೇಕಾದ್ರೆ ನಿನ್ನ ಅಂಕಲ್ ಚುಕ್ಕಾಣಿಯಿಂದ ತಿರುಗಿ ನೋಡಿದ. ನೇರವಾಗಿ ನನ್ನ ಕಣ್ಣಿಗೆ ಕಣ್ಣು ಕೊಟ್ಟ. ಆಮೇಲೆ ಸಮುದ್ರದ ಕಡೆ ಮುಖ ತಿರುಗಿಸಿಕೊಂಡ. ಯಾಕೆ ಅಂತ ನನಗೆ ಗೊತ್ತಿಲ್ಲ. ಅವನನ್ನೇ ಕೇಳು."

*

ಠಾಣೆಯಲ್ಲಿ ಕ್ವಾಶಿ ಇರಲಿಲ್ಲ. ಕಾವಲಿನ ಕಾನ್‌ಸ್ಟೇಬಲ್ ನನ್ನ ಶಾಲೆಯ ಜೊತೆಗಾರ. ಅಂಕಲ್‌ಗೆಂದು ನಾನು ತಂದಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದು ಏಡಿ ಕಾಲೊಂದನ್ನು ಎತ್ತಿಕೊಂಡು, ಇದು ತಪಾಸಣೆ ಅಂದು ಒಳಗೆ ಬಿಟ್ಟ.

ಅಂಕಲ್ ಒಲ್ಟನ್ ಡಬ್ಬಿ ತೆಗೆದುಕೊಂಡು ಮೂಸಿದ. ಕಡುಬು ಗಟ್ಟಿಯಾಗಿದೆ, ಹಿಟ್ಟು ಸಾಕಷ್ಟು ನಾದಿಲ್ಲ ಅಂದ. ಎರಡು ದಿನದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು.

"ಲೀಸೆಲ್ ಎಲ್ಲ ಹೇಳಿದಳು," ಅಂದೆ. "ನೀನು ನೋಡಿದೆಯಂತೆ."

ಅವನು ಒಂದು ತುತ್ತು ನಿಧಾನವಾಗಿ ಅಗಿದು ನುಂಗಿದ.

"ಎರಡನ್ನೂ ನೋಡಿದೆ," ಅಂದ. "ಅವನು ವಾಲ್ವ್ ತಿರುಗಿಸಿದ್ದು ನೋಡಿದೆ. ಏಳೋಣ ಅನ್ನೋಷ್ಟರಲ್ಲಿ ಅವಳು ಚಿಂದಿ ಬದಲಾಯಿಸಿದ್ದು ನೋಡಿದೆ. ಮತ್ತೆ ಕೂತೆ."

"ಒಂದು ಮಾತು ಕೂಗಿದ್ರೆ ಸಾಕಾಗಿತ್ತು, ಅಂಕಲ್. ಆ ನೀರಿಗೆ ನಾನೂ ಇಳಿದಿದ್ದೆ. ಅವನು ಸಾಯೋದು ನನ್ನ ಕಣ್ಣಮುಂದೆ ಆಗಲಿ ಅಂತ ಬಿಟ್ಟೆಯಾ?"

"ಸಾಯ್ತಾನೆ ಅಂದ್ಕೊಂಡಿರಲಿಲ್ಲ. ನೀನಿದ್ದೀಯ, ಎಳ್ಕೊಂಡು ಬರ್ತೀಯ, ಒಳ್ಳೆ ಪಾಠ ಆಗುತ್ತೆ ಅಂದ್ಕೊಂಡೆ." ಡಬ್ಬಿಯನ್ನು ಕೆಳಗಿಟ್ಟ. "ಸುಳ್ಳು ಹೇಳಲ್ಲ. ಸತ್ತ ಅಂದಾಗ ಅಯ್ಯೋ ಅನ್ನಿಸ್ಲಿಲ್ಲ."

ನನಗೆ ಅವನ ಮುಖ ಗುರುತು ಸಿಗಲಿಲ್ಲ. ನನಗೆ ಈಜು ಕಲಿಸಿದವನು ಇವನೇನಾ ಅನ್ನಿಸಿತು. ಈಗಲೇ ಮಿಸ್ ಕ್ವಾಶಿಗೆ ಗಂಟು ತೋರಿಸುತ್ತೇನೆ, ನಾಳೆ ಮನೆಗೆ ಬರುತ್ತೀಯ ಅಂದೆ. ಅವನು ಕಂಬಿಯ ಸಂದಿಯಿಂದ ಕೈ ಹಾಕಿ ನನ್ನ ಮಣಿಕಟ್ಟು ಹಿಡಿದ.

"ತೋರಿಸ್ಬೇಡ. ಸೀದಾ ಶೆಡ್ಡಿಗೆ ಹೋಗು. ಅವಳು ಕಟ್ಟಿದ ಕೆಂಪು ಬಿಚ್ಚು, ಅದೇ ಜಾಗಕ್ಕೆ ನನ್ನ ಗಂಟು ಹಾಕು. ನೀಲಿಗೂ ಹಾಗೇ. ನಿನಗೆ ಬರುತ್ತೆ, ನಾನೇ ಕಲಿಸಿದ್ದು. ಯಾರೂ ಬಿಚ್ಚೇ ಇಲ್ಲ ಅನ್ನೋ ಥರ."

"ಹಾಗೆ ಮಾಡಿದ್ರೆ ನಿನ್ನನ್ನ ಬಿಡಿಸೋಕೆ ಏನೂ ಉಳಿಯಲ್ಲ."

"ಬೇಡ. ಅವನು ತಿರುಗಿಸಿದ್ದು ನಾನು ನೋಡಿದೆ ಅಂದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ತಾನೆ ಅಂತಾರೆ. ನನ್ನದು ಕೈತಪ್ಪು, ವಯಸ್ಸಾಯ್ತು ಅಂತ ಒಂದಿಷ್ಟು ವರ್ಷ ಹಾಕ್ತಾರೆ. ಅವಳಿಗೆ ಪೂರ್ತಿ ಹಾಕ್ತಾರೆ."

"ಅವಳು ನಿನಗೆ ಯಾರು, ಅಂಕಲ್? ಮೊನ್ನೆ ಬಂದ ಟ್ರಿನಿಯವಳು. ನಿನ್ನ ಹೆಸರು ಕೂಡ ಸರಿಯಾಗಿ ಹೇಳಲ್ಲ."

ಅವನು ನನ್ನ ಮಣಿಕಟ್ಟು ಬಿಡಲಿಲ್ಲ. ಹೊರಗೆ ಕಾನ್‌ಸ್ಟೇಬಲ್ ಏಡಿ ಕಾಲು ಚೀಪುವ ಸದ್ದು ಕೇಳುತ್ತಿತ್ತು.

"ವರ್ನಾ ಬಂಡೆಯಿಂದ ಜಾರಲಿಲ್ಲ, ಡೂಡೂ."

ನನ್ನ ಕಿವಿಯಲ್ಲಿ ನೀರು ತುಂಬಿಕೊಂಡ ಹಾಗಾಯಿತು.

"ನಾನು ದೋಣಿಯಿಂದ ನೋಡ್ತಿದ್ದೆ. ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ದ. ಅವಳು ಬಿದ್ದ ಮೇಲೆ ಅವನು ಕೈ ಒರೆಸಿಕೊಂಡಿದ್ದೂ ನೋಡಿದೆ. ಸತ್ತ ಒಂಬತ್ತನೇ ರಾತ್ರಿಯ ಜಾಗರಣೆಗೆ ಊರೆಲ್ಲ ಸೇರಿ, ಪಾಪ ಜಾರಿಬಿಟ್ಟಳು ಅಂತ ಹಾಡಿತು. ನಾನೂ ಹಾಡಿದೆ. ಕೂಸಿದೆ, ಅಪ್ಪನೂ ಇಲ್ಲದ ಹಾಗಾಗುತ್ತೆ ಅಂದ್ಕೊಂಡೆ. ಅವನು ಹೇಗೂ ಬಿಟ್ಟು ಹೋದ." ಅವನ ಹಿಡಿತ ಬಿಗಿಯಾಯಿತು. "ಒಂದು ಸಲ ಬಾಯಿ ಮುಚ್ಚಿ ಗಂಡನ್ನ ಉಳಿಸಿದೆ. ಈ ಸಲ ಹೆಂಡ್ತೀನ ಉಳಿಸ್ಬಿಡ್ತೀನಿ. ಲೆಕ್ಕ ಸರಿ ಹೋಗಲ್ಲ, ನನಗೂ ಗೊತ್ತು. ಆದ್ರೂ ಹೋಗು."

ಹೋದೆ. ಹೇಗೆ ನಡೆದೆನೋ ಗೊತ್ತಿಲ್ಲ. ಮಿಸ್ ಐನಾಳ ಅಂಗಡಿಯ ಮುಂದೆ ಯಾರೋ ಏನೋ ಅಂದರು, ಕೇಳಿಸಲಿಲ್ಲ. ಅವರ ಅಪ್ಪ ಅಮ್ಮಂದಿರೆಲ್ಲ ಆ ಒಂಬತ್ತನೇ ರಾತ್ರಿ ನಮ್ಮ ಮನೆಯಲ್ಲಿ ಉಂಡು ಹಾಡಿದವರು. ಎಷ್ಟು ಜನಕ್ಕೆ ಗೊತ್ತಿತ್ತು?

ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿಕೊಂಡೆ. ನೀಲಿಯ ಹೂಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಅದನ್ನು ಹಾಗೇ ನೇತಾಡಲು ಬಿಟ್ಟು ಕೆಂಪಿನ ಹತ್ತಿರ ಬಂದೆ. ಅಮ್ಮನ ಲಂಗದ ಚಿಂದಿ. ಅವಳದು ಅಂತ ನನ್ನ ಹತ್ತಿರ ಉಳಿದಿರುವ ಬಟ್ಟೆ ಇಷ್ಟೇ. ಇದರಲ್ಲಿ ಈಗ ಇಬ್ಬರ ಜೀವ ಗಂಟು ಹಾಕಿಕೊಂಡಿತ್ತು.

ಈ ಗಂಟು ಹೀಗೇ ಇದ್ದರೆ ನನ್ನನ್ನು ಸಾಕಿದವನು ಮನೆಗೆ ಬರುತ್ತಾನೆ, ಗಂಡನ ಕೈಯಿಂದ ಸಾಯಬೇಕಿದ್ದ ಹೆಂಗಸು ಕೊಲೆಗಾತಿಯಾಗುತ್ತಾಳೆ. ನಾನು ಬಿಚ್ಚಿ ಕಟ್ಟಿದರೆ ಅವಳು ನಾಳೆಯ ಹಡಗು ಹತ್ತುತ್ತಾಳೆ, ಅಂಕಲ್ ಒಲ್ಟನ್ ಹತ್ತುವುದು ಪೊಲೀಸ್ ಜೀಪು. ಹೊರಗೆ ಬರುವಷ್ಟು ಆಯಸ್ಸು ಅವನಿಗಿದೆಯೋ ಇಲ್ಲವೋ.

ಎಲ್ಲ ಹೇಳಿಬಿಟ್ಟರೆ? ಬೆರಳಾಡಿಸಿದ್ದು, ಸಿಲಿಂಡರ್ ಕಡೆ ನೋಡಿದ್ದು, ಎಲ್ಲ. ನೀರಿನಡಿ ನೋಡಿದ್ದಕ್ಕೆ ನಾನೊಬ್ಬಳೇ ಸಾಕ್ಷಿ. ಅಪರಾಧಿ ಅನ್ನಿಸಿಕೊಂಡವನ ಸೋದರ ಸೊಸೆಯ ಮಾತನ್ನು ಯಾವ ಕೋರ್ಟು ನಂಬುತ್ತದೆ?

ಕೆಂಪಿನ ಒಂದು ತುದಿ ಎಳೆದೆ. ಹೂವು ಅರ್ಧ ಕುಸಿಯಿತು.

ಹೊರಗೆ ಜೀಪು ನಿಂತಿತು. ಅದರ ಬಾಗಿಲು ಬಡಿದ ಸದ್ದು. ಬೂಟು ಜಲ್ಲಿಯ ಮೇಲೆ ನಡೆದು ಬಂದು ಹೊಸ್ತಿಲಲ್ಲಿ ನಿಂತಿತು.

"ಹುಡುಗಿ," ಅಂದಳು ಕ್ವಾಶಿ ಬಾಗಿಲಿನಾಚೆಯಿಂದ, ಮೆಲ್ಲಗೆ. "ಗಾಬರಿ ಆದವನು ಕೊಟ್ಟ ಗಾಳೀನ ತಳ್ಳಲ್ಲ ಅಂತ ನನಗೂ ಈಗ ಹೊಳೀತು. ಜಾಕೆಟ್ ಮುಟ್ಟದೆ ಬಾಗಿಲು ತೆಗಿ."

ಅರ್ಧ ಬಿಚ್ಚಿದ ಗಂಟು ನನ್ನ ಬೆರಳುಗಳ ನಡುವೆ ಇತ್ತು. ಚಿಂದಿಯ ಇನ್ನೊಂದು ತುದಿಯನ್ನು ಒದ್ದೆ ಮಾಡಲು ಬಾಯಿಗೆ ಹಿಡಿದಿದ್ದೆ, ನಾಲಿಗೆಯ ಮೇಲೆ ಉಪ್ಪು.

ಆ ಕ್ಷಣದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ: ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಿರಾ, ಬಾಗಿಲು ತೆಗೆಯುತ್ತಿದ್ದಿರಾ?